ಕಾಲ್ಕೆಳಗಿನ ಪೆಟ್ಟಿಗೆಗಳನ್ನು ಕುರಿತು

ಕಳೆದ ಸ್ನೇಹಸಮ್ಮೇಲನದ ತರುವಾಯ ಅನೇಕ ಪಾಲಕರು ನನ್ನನ್ನು ಒಂದೇ ಪ್ರಶ್ನೆ ಕೇಳಿದ್ದಾರೆ. ಗಿಟಾರು ನುಡಿಸುವ ಹುಡುಗಿಯು ನೆಲದ ಮೇಲಿಟ್ಟುಕೊಂಡು ಆಗಾಗ ತುಳಿಯುತ್ತಿದ್ದ ಆ ಬಣ್ಣಬಣ್ಣದ ಪೆಟ್ಟಿಗೆಗಳು ಯಾವವು? ಅವುಗಳಿಂದ ವಿದ್ಯೆಗೆ ಏನು ಪ್ರಯೋಜನ? ಇದಕ್ಕೆ ಉತ್ತರ ಬರೆಯುವದು ನನ್ನ ಪಾಲಿಗೆ ಬಂದಿದೆ. ಅವುಗಳನ್ನು ಮೊದಲು ನಿಷೇಧಿಸಿದವಳೂ ನಾನೇ ಎಂಬದನ್ನು ಆರಂಭದಲ್ಲಿಯೇ ಒಪ್ಪಿಕೊಳ್ಳುತ್ತೇನೆ.

ಇಳಕಲ್ಲಿನ ನೇಕಾರ ಮನೆತನದ ಆ ಹುಡುಗಿ ಒಂಬತ್ತನೆಯ ಇಯತ್ತೆಯವಳು. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಅವಳ ಅಣ್ಣನು ತನ್ನ ಹಳೆಯ ವಿದ್ಯುತ್ ಗಿಟಾರನ್ನೂ ಮೂರು ಪೆಡಲ್‌ಗಳನ್ನೂ ಅವಳಿಗೆ ಕೊಟ್ಟಿದ್ದನು. ಅಭ್ಯಾಸದ ದಿನ ಅದರಿಂದ ಹೊರಟ ಘೋಷವನ್ನು ಕೇಳಿ, ವಾದ್ಯದ ಸಹಜ ದನಿಯನ್ನು ಕೆಡಿಸುವ ಈ ವಸ್ತುಗಳು ನಮ್ಮ ಶಾಲೆಗೆ ಬೇಡವೆಂದು ನಾನು ತೆಗೆಸಿಬಿಟ್ಟೆನು. ಅವಳು ಎದುರು ಮಾತಾಡಲಿಲ್ಲ. ಮರುದಿನ ನಾನು ತಂಬೂರಿಯನ್ನು ಶ್ರುತಿಗೂಡಿಸುತ್ತಿರುವಾಗ ಹತ್ತಿರ ಬಂದು ನಿಂತು, “ಅಕ್ಕೋರ, ತಂತಿ ಕೆಳಗ ದಾರ ಸಿಗಿಸ್ತೀರಲ್ರಿ, ಅದನ್ನ ತಗದ್ರ ಸಹಜ ದನಿ ಬರ್ತೈತೇನ್ರಿ?” ಎಂದು ಕೇಳಿದಳು.

ದಾರವನ್ನು ತೆಗೆದು ಮೀಟಿದೆನು. ತಂಬೂರಿಯ ಜೀವವೇ ಹೋದಂತಾಯಿತು. ಹಸಿ ಕಟ್ಟಿಗೆಗೆ ಬಿಗಿದ ತಂತಿಯ ಮೊಂಡ ದನಿ ಮಾತ್ರ ಉಳಿಯಿತು. ಅಂದು ರಾತ್ರಿ ನಾನು ಪುಸ್ತಕಗಳನ್ನು ಹುಡುಕುತ್ತ ಕುಳಿತೆನು. ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ತಂಬೂರಿಯ ಕುದುರೆಯು ಚಪ್ಪಟೆಯಾಗಿ, ತುಸು ಇಳಿಜಾರಾಗಿ ಇರುತ್ತದೆ. ದಾರದಿಂದ ತುಸುವೇ ಮೇಲೆದ್ದ ತಂತಿಯು ಕಂಪಿಸುವಾಗ ಆ ಇಳಿಜಾರನ್ನು ಮತ್ತೆ ಮತ್ತೆ ಸವರುತ್ತದೆ. ಇದರಿಂದ ಮೂಲಸ್ವರದ ಮೇಲೆ ಅನೇಕ ಮೇಲ್ಸ್ವರಗಳು ಹುಟ್ಟುತ್ತವೆ. ಇದನ್ನೇ ಜವಾರಿ ಎನ್ನುವರು. (ನಮ್ಮ ಕಡೆ ಜವಾರಿ ಬದನೆ, ಜವಾರಿ ಕೋಳಿ ಎನ್ನುವ ಮಾತು ಬೇರೆ, ಹುಡುಗಿಯರು ನಗಬಾರದು.) ತಂತಿಯನ್ನು ನಟ್ಟನಡುವೆ ಮೀಟಿದರೆ ಎರಡನೆಯ, ನಾಲ್ಕನೆಯ ಮೇಲ್ಸ್ವರಗಳು ಕೇಳಿಸಕೂಡದೆಂಬದು ಶಾಸ್ತ್ರದ ನಿಯಮ. ತಂಬೂರಿಯಲ್ಲಿ ಮಾತ್ರ ಅವು ಕೇಳಿಸುತ್ತವೆ. ಈ ವಿಚಿತ್ರವನ್ನು ಸರ್ ಸಿ. ವಿ. ರಾಮನ್‌ರವರು 1921ರಲ್ಲಿಯೇ ಪರೀಕ್ಷಿಸಿ ಬರೆದಿದ್ದಾರೆ. ನಮ್ಮ ನೆರೆಯ ಮಿರಜಿನ ಕುಶಲರು ಅದಕ್ಕೂ ಬಹುಕಾಲ ಮುಂಚಿನಿಂದ ಕುದುರೆಯನ್ನು ಅರದಿಂದ ಉಜ್ಜಿ ಉಜ್ಜಿ ಇದನ್ನೇ ಸಾಧಿಸುತ್ತಿದ್ದರು. ಅಲ್ಲಿಯ ಸಿತಾರ, ತಂಬೂರಿಗಳಿಗೆ 2024ರಲ್ಲಿ ಭೌಗೋಲಿಕ ಗುರುತು ದೊರೆತಿದೆ.

ಪೆಟ್ಟಿಗೆಗಳಲ್ಲಿ ಅತ್ಯಂತ ಗದ್ದಲದ್ದಾದ ‘ಫಜ್’ ಎಂಬದು ಮಾಡುವ ಕೆಲಸವೂ ಇಂಥದೇ. ತಂತಿಯ ಕಂಪನವು ವಿದ್ಯುತ್ತಿನ ಅಲೆಯಾಗಿ ಬರುತ್ತದೆ. ಪೆಟ್ಟಿಗೆಯು ಆ ಅಲೆಯನ್ನು ಬಹಳ ಹಿಗ್ಗಿಸಿ ಅದರ ತಲೆಯನ್ನು ಕತ್ತರಿಸುತ್ತದೆ. ತಲೆ ಕತ್ತರಿಸಿದ ಅಲೆಯಲ್ಲಿ ಹೊಸ ಮೇಲ್ಸ್ವರಗಳು ಹುಟ್ಟುತ್ತವೆ. ಇದು ಹುಟ್ಟಿದ್ದೂ ಒಂದು ಅಪಘಾತದಿಂದಲೇ. ಅಮೇರಿಕೆಯ ನ್ಯಾಶ್‌ವಿಲ್ ಪಟ್ಟಣದಲ್ಲಿ ಒಂದು ಹಾಡಿನ ಮುದ್ರಣದ ವೇಳೆಗೆ ಯಂತ್ರವೊಂದು ಕೆಟ್ಟು ಗಿಟಾರಿನ ದನಿ ಹರಿದುಹೋಯಿತು. ಹಾಡು 1961ರಲ್ಲಿ ಹೊರಟು ಜನರಿಗೆ ಮೆಚ್ಚಿಗೆಯಾಯಿತು. ಗ್ಲೆನ್ ಸ್ನಾಡಿ ಎಂಬ ಮುದ್ರಣಕಾರನು ಆ ಕೆಡುಕನ್ನೇ ಬೇಕಾದಾಗ ಬರಿಸುವಂಥ ಪೆಟ್ಟಿಗೆಯ ಯೋಜನೆ ಮಾಡಿದನು. 1962ರಲ್ಲಿ ಅದು ಮಾರಾಟಕ್ಕೆ ಬಂತು.

ಎರಡನೆಯ ಪೆಟ್ಟಿಗೆಯ ಹೆಸರು ‘ವಾ-ವಾ’. ಇದನ್ನು ತಿಳಿಯಲು ಪೆಟ್ಟಿಗೆಯೇ ಬೇಡ. ಒಂದೇ ಶ್ರುತಿಯಲ್ಲಿ ‘ಊ’ ಎಂದು ಆರಂಭಿಸಿ ನಿಧಾನವಾಗಿ ‘ಆ’ ಎಂದು ಬಾಯಿ ತೆರೆಯಿರಿ. ಸ್ವರ ಬದಲಾಗಲಿಲ್ಲ, ಯಾವ ಮೇಲ್ಸ್ವರಗಳು ಎದ್ದು ಕೇಳಬೇಕೆಂಬದನ್ನು ಬಾಯಿಯ ಆಕಾರವು ನಿಶ್ಚಯಿಸಿತು. 1966ರಲ್ಲಿ ಕ್ಯಾಲಿಫೋರ್ನಿಯದಲ್ಲಿ ರೂಪುಗೊಂಡ ಈ ಪೆಡಲು ಪಾದದಿಂದ ಅದನ್ನೇ ಮಾಡಿಸುತ್ತದೆ. ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಶಾಲೆಯ ಕಾಲು-ಹಾರ್ಮೋನಿಯಮ್ಮಿನ ನೆನಪಿರಬಹುದು. ಮೊಣಕಾಲಿನಿಂದ ಹಲಗೆಯನ್ನೊತ್ತಿದರೆ ಒಳಗಿನ ಕದ ತೆರೆದು ದನಿ ಏರುತ್ತಿತ್ತು. ಒಂದು ಗುಂಡಿಯನ್ನೆಳೆದರೆ ಗಾಳಿಯ ರೆಕ್ಕೆ ತಿರುಗಿ ದನಿ ನಡುಗುತ್ತಿತ್ತು. ಅದರ ಮುಂದೆ ಕುಳಿತು ಇಪ್ಪತ್ತು ವರುಷ ಪ್ರಾರ್ಥನೆ ನುಡಿಸಿದ ನಾನು, ಹುಡುಗಿಯ ಕಾಲ್ಕೆಳಗಿನ ಪೆಟ್ಟಿಗೆಯನ್ನು ಕಂಡು ಯಾಕೆ ಬೆಚ್ಚಿದೆನೋ!

ಮೂರನೆಯದು ಪ್ರತಿಧ್ವನಿಯ ಪೆಟ್ಟಿಗೆ. ಬಾದಾಮಿಯ ಅಗಸ್ತ್ಯತೀರ್ಥದ ದಂಡೆಯಲ್ಲಿ ನಿಂತು ಕೆಂಬಂಡೆಗೆ ಮೊಗಮಾಡಿ ಕೂಗಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಶಬ್ದವು ಒಂದು ಸೆಕೆಂಡಿಗೆ ಸುಮಾರು 340 ಮೀಟರು ಸಾಗುವದರಿಂದ, 170 ಮೀಟರು ದೂರದ ಬಂಡೆಯಿಂದ ನಮ್ಮ ಕೂಗು ಒಂದು ಸೆಕೆಂಡಿಗೆ ಹಿಂದಿರುಗುತ್ತದೆ. ಮೊದಲು ಇದನ್ನು ಸುತ್ತುವ ಟೇಪಿನಿಂದ ಮಾಡುತ್ತಿದ್ದರು. ಈಗ ಗಣಕದ ಚಿಪ್ಪಿನಲ್ಲಿ ದನಿಯನ್ನು ಕೂಡಿಟ್ಟು ಮರಳಿ ಬಿಡುತ್ತಾರೆ. ಬಂಡೆಯನ್ನು ಹತ್ತಿರಕ್ಕೂ ದೂರಕ್ಕೂ ಸರಿಸುವ ಅಧಿಕಾರ ಒಂದು ಗುಂಡಿಗೆ ಬಂದಿದೆಯೆನ್ನಬಹುದು.

ನಿಷೇಧವನ್ನು ತೆಗೆದ ಮೇಲೆ ವಿಜ್ಞಾನದ ಶಿಕ್ಷಕಿಯರೂ ಕೂಡಿಕೊಂಡರು. ಏಕತಾರಿಯ ಬುರುಡೆಗೆ ಕಂಪನವನ್ನು ಹಿಡಿಯುವ ಸಣ್ಣ ಬಿಲ್ಲೆಯನ್ನು ಅಂಟಿಸಿ ಪೆಟ್ಟಿಗೆಗಳಿಗೆ ಜೋಡಿಸಿದೆವು. ಮೊದಲ ದಿನ ಬರೀ ಗುಂಯ್‌ಗುಟ್ಟುವಿಕೆ. ಅದು ವಿದ್ಯುತ್ ಪೂರೈಸುವ ಅಗ್ಗದ ಸಾಧನದ ದೋಷ. 9 ವೋಲ್ಟಿನ ಬ್ಯಾಟರಿ ಹಾಕಿದೊಡನೆ ಮೌನವಾಯಿತು. ಪ್ರತಿಧ್ವನಿಯೊಡನೆ ಏಕತಾರಿಯು ಅತಿ ಮಧುರವಾಗಿ ಕೇಳಿಸಿತು. ಗಿಟಾರಿನಲ್ಲಿ ಷಡ್ಜ-ಪಂಚಮಗಳನ್ನು ಕೂಡಿಸಿ ಫಜ್‌ಗೆ ಕೊಟ್ಟಾಗ, ಯಾರೂ ಮೀಟದ ಕೆಳಗಿನ ಷಡ್ಜವೊಂದು ತಾನಾಗಿ ಮೊಳಗಿತು! ಎರಡು ಸ್ವರಗಳ ಕಂಪನಸಂಖ್ಯೆ 2ಕ್ಕೆ 3 ಇದ್ದರೆ ಅವುಗಳ ವ್ಯತ್ಯಾಸ 1. ಆ ಸ್ವರವನ್ನೇ ಪೆಟ್ಟಿಗೆ ಹುಟ್ಟಿಸಿತ್ತು. ಷಡ್ಜ-ರಿಷಭಗಳನ್ನು ಕೊಟ್ಟರೆ ಬರೀ ಕಲಸುಮೇಲೋಗರ. ಭಿನ್ನರಾಶಿಯೆಂದರೆ ಅಳುತ್ತಿದ್ದ ಇಬ್ಬರು ಹುಡುಗಿಯರು ಅಂದು ಹಲಗೆಯ ಮುಂದಿನಿಂದ ಕದಲಲಿಲ್ಲ.

ಪೆಟ್ಟಿಗೆಗಳ ಕ್ರಮವೂ ಮುಖ್ಯ. ಫಜ್ ಮೊದಲಿದ್ದು ಪ್ರತಿಧ್ವನಿ ಆಮೇಲಿದ್ದರೆ ಪ್ರತಿಯೊಂದು ಮರುದನಿಯೂ ಸ್ಪಷ್ಟ. ಅದಲುಬದಲು ಮಾಡಿದರೆ ಮರುದನಿಗಳೆಲ್ಲ ಒಂದರಲ್ಲೊಂದು ಕರಗಿ ಗೊಂದಲ. ಮಗಳು ವೇಳೆಗೆಡಿಸುತ್ತಿರುವಳೇನೋ ಎಂಬ ಚಿಂತೆಯಿಂದ ಬಂದಿದ್ದ ಅವಳ ತಂದೆಯ ಮುಂದೆ ಇದನ್ನು ನುಡಿಸಿ ತೋರಿಸಿದೆವು. ಅವರು ಎರಡನ್ನೂ ಕೇಳಿ, “ನೂಲಿಗೆ ಬಣ್ಣಾ ಹಾಕಿ ನೇಯೂದು ಬ್ಯಾರೆ, ನೇದ ಸೀರಿ ಬಣ್ಣದಾಗ ಅದ್ದೂದು ಬ್ಯಾರೆ. ಹಂಗ ಅನ್ರಿ ಅಕ್ಕೋರ” ಎಂದರು. ಅವರಿಗಿಂತ ಚೆನ್ನಾಗಿ ನಾನು ವಿವರಿಸಲಾರೆನು.

ಒಂದು ವಿಷಯದಲ್ಲಿ ಮಾತ್ರ ನನ್ನ ಕಟ್ಟುನಿಟ್ಟು ಸಡಿಲಾಗಿಲ್ಲ. 85 ಡೆಸಿಬೆಲ್ಲಿನ ಶಬ್ದವನ್ನು ದಿನಕ್ಕೆ 8 ತಾಸಿಗಿಂತ ಹೆಚ್ಚು ಕೇಳಬಾರದೆಂದೂ, ಮುಂದೆ 3 ಡೆಸಿಬೆಲ್ ಏರಿದಂತೆಲ್ಲ ಆ ಅವಧಿಯನ್ನು ಅರ್ಧಕ್ಕಿಳಿಸಬೇಕೆಂದೂ ತಜ್ಞರು ಹೇಳುತ್ತಾರೆ; ಕೆಟ್ಟ ಕಿವಿ ಮರಳಿ ಬಾರದು. ಆದಕಾರಣ ದನಿ ಏರಿಸುವ ಗುಂಡಿಯ ಮೇಲೆ ಕೆಂಪು ಗೆರೆಯನ್ನೆಳೆದಿದ್ದೇವೆ. ಪೆಟ್ಟಿಗೆಗಳ ಕಪಾಟಿನ ಬೀಗದಕೈ ನನ್ನ ಮೇಜಿನಲ್ಲಿದೆ. ಶುಕ್ರವಾರ ಸಾಯಂಕಾಲ 4ರಿಂದ 5ರ ವರೆಗೆ ಕೇಳಿದವರಿಗೆ ಕೊಡಲಾಗುವದು. ಮನೆಯಲ್ಲಿ ಮೂಲೆಗೆ ಬಿದ್ದ ಏಕತಾರಿಯೋ ಪಿಟೀಲೋ ಇದ್ದ ಪಾಲಕರು ಮಗಳ ಕೈಯಲ್ಲಿ ಕಳಿಸಬಹುದು.