ಎಂಜಿನ್ ಮಿಸ್‌ಫೈರ್ ಮತ್ತು ದೋಷ ಸಂಕೇತಗಳು

ಎಂಜಿನ್ ಮಿಸ್‌ಫೈರ್ ಎಂದರೆ ಅಂತರ್ದಹನ ಎಂಜಿನ್ನಿನ ಒಂದು ಅಥವಾ ಹೆಚ್ಚು ಸಿಲಿಂಡರ್‌ಗಳಲ್ಲಿ ಗಾಳಿ ಮತ್ತು ಇಂಧನದ ಮಿಶ್ರಣವು ಸರಿಯಾಗಿ ಉರಿಯದಿರುವ ಸ್ಥಿತಿ. ಎಂಜಿನ್ ನಡುಗುವುದು, ಎಳೆತದ ಶಕ್ತಿ ಕುಂದುವುದು ಮತ್ತು ಹೊಗೆಯಲ್ಲಿ ಪೆಟ್ರೋಲಿನ ವಾಸನೆ ಬರುವುದು ಇದರ ಸಾಮಾನ್ಯ ಲಕ್ಷಣಗಳು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ 1996ನೇ ಮಾದರಿ ವರ್ಷದಿಂದ ಕಾರುಗಳು ಮತ್ತು ಲಘು ಟ್ರಕ್‌ಗಳಿಗೆ ಒಬಿಡಿ-2 ಎಂಬ ಸ್ವಯಂ ತಪಾಸಣಾ ವ್ಯವಸ್ಥೆಯನ್ನು ಕಡ್ಡಾಯಗೊಳಿಸಲಾಯಿತು. ಆ ಕಾಲದ ಪೆಟ್ರೋಲ್ ಪಿಕಪ್ ಟ್ರಕ್‌ಗಳ ದೋಷವನ್ನು ಇಂದಿಗೂ ಈ ವ್ಯವಸ್ಥೆಯ ಸಂಕೇತಗಳ ನೆರವಿನಿಂದ ಹುಡುಕಲಾಗುತ್ತದೆ. ಆದರೆ ಸಂಕೇತವು ಕೆಟ್ಟುಹೋದ ಬಿಡಿಭಾಗದ ಹೆಸರಲ್ಲ. ಪರೀಕ್ಷೆಯನ್ನು ಎಲ್ಲಿಂದ ಆರಂಭಿಸಬೇಕೆಂಬ ಸೂಚನೆ ಮಾತ್ರ.

ಪತ್ತೆಯಾಗುವ ಬಗೆ

ಪ್ರತಿ ಸಿಲಿಂಡರಿನಲ್ಲಿ ದಹನ ನಡೆದಾಗ ಕ್ರ್ಯಾಂಕ್‌ಶಾಫ್ಟಿನ ವೇಗ ಕ್ಷಣಕಾಲ ಹೆಚ್ಚುತ್ತದೆ. ದಹನ ತಪ್ಪಿದರೆ ಈ ಏರಿಕೆ ಉಂಟಾಗುವುದಿಲ್ಲ. ಕ್ರ್ಯಾಂಕ್‌ಶಾಫ್ಟ್ ಸಂವೇದಕದ ಮೂಲಕ ಕಂಪ್ಯೂಟರ್ ಈ ವ್ಯತ್ಯಾಸವನ್ನು ಗುರುತಿಸಿ, ಸಂಕೇತವನ್ನು ದಾಖಲಿಸಿ, ಎಚ್ಚರಿಕೆ ದೀಪವನ್ನು ಬೆಳಗಿಸುತ್ತದೆ. ದೀಪವು ಮಿನುಗತೊಡಗಿದರೆ ಮಿಸ್‌ಫೈರ್ ತೀವ್ರವಾಗಿದೆ ಎಂದರ್ಥ. ಆಗ ಉರಿಯದ ಇಂಧನವು ಹೊಗೆ ಕೊಳವೆಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್‌ನೊಳಗೆ ಉರಿದು, ಅತಿಯಾದ ಶಾಖದಿಂದ ಅದನ್ನು ಹಾಳುಮಾಡಬಹುದು.

ಮುಖ್ಯ ಸಂಕೇತಗಳು

* ಪಿ0300: ಹಲವು ಸಿಲಿಂಡರ್‌ಗಳಲ್ಲಿ ಅನಿಯತ ಮಿಸ್‌ಫೈರ್
* ಪಿ0301ರಿಂದ ಪಿ0308: ಕೊನೆಯ ಅಂಕಿ ಸೂಚಿಸುವ ಸಿಲಿಂಡರಿನಲ್ಲಿ ಮಿಸ್‌ಫೈರ್
* ಪಿ0171, ಪಿ0174: ಎಂಜಿನ್ನಿನ ಒಂದನೆಯ ಅಥವಾ ಎರಡನೆಯ ಸಾಲಿನಲ್ಲಿ ಇಂಧನದ ಪ್ರಮಾಣ ಕಡಿಮೆ
* ಪಿ0335: ಕ್ರ್ಯಾಂಕ್‌ಶಾಫ್ಟ್ ಸಂವೇದಕದ ವಿದ್ಯುತ್ ಮಂಡಲದಲ್ಲಿ ದೋಷ
* ಪಿ0420: ಕ್ಯಾಟಲಿಟಿಕ್ ಕನ್ವರ್ಟರ್‌ನ ಕಾರ್ಯಕ್ಷಮತೆ ಕಡಿಮೆ

ಪರೀಕ್ಷೆಯ ಕ್ರಮ

ಮೊದಲು ಸ್ಕ್ಯಾನರ್ ಜೋಡಿಸಿ ಸಂಕೇತಗಳನ್ನೂ, ದೋಷ ಕಂಡ ಕ್ಷಣದ ವೇಗ, ಹೊರೆ ಮತ್ತು ತಾಪಮಾನದ ದಾಖಲೆಯನ್ನೂ ಬರೆದುಕೊಳ್ಳಬೇಕು. ಸಂಕೇತವನ್ನು ಅಳಿಸಿದರೆ ಈ ದಾಖಲೆಯೂ ಅಳಿದುಹೋಗುತ್ತದೆ.

ಒಂದೇ ಸಿಲಿಂಡರಿನ ದೋಷವಾದರೆ ಅದಲುಬದಲು ಪರೀಕ್ಷೆ ಉಪಯುಕ್ತ. ಪ್ರತಿ ಸಿಲಿಂಡರಿಗೂ ಪ್ರತ್ಯೇಕ ಇಗ್ನಿಷನ್ ಕಾಯಿಲ್ ಇರುವ ಎಂಜಿನ್ನಿನಲ್ಲಿ ಪಿ0303 ಕಂಡುಬಂದಿದೆ ಎಂದಿಟ್ಟುಕೊಳ್ಳೋಣ. ಮೂರನೆಯ ಸಿಲಿಂಡರಿನ ಕಾಯಿಲನ್ನು ಐದನೆಯದಕ್ಕೂ, ಐದನೆಯದನ್ನು ಮೂರನೆಯದಕ್ಕೂ ಜೋಡಿಸಿ ಓಡಿಸಿದಾಗ ಸಂಕೇತವು ಪಿ0305 ಆಗಿ ಬದಲಾದರೆ ಕಾಯಿಲೇ ಕೆಟ್ಟಿದೆ. ಬದಲಾಗದಿದ್ದರೆ ಸ್ಪಾರ್ಕ್ ಪ್ಲಗ್, ವೈರಿಂಗ್ ಮತ್ತು ಇಂಜೆಕ್ಟರ್‌ಗಳನ್ನು ಪರಿಶೀಲಿಸಬೇಕು. ಇವೆಲ್ಲ ಸರಿಯಿದ್ದರೆ ಕಂಪ್ರೆಷನ್ ಅಳೆಯಬೇಕು. ಸುಟ್ಟ ವಾಲ್ವ್, ಸವೆದ ಪಿಸ್ಟನ್ ರಿಂಗ್ ಅಥವಾ ಸೋರುವ ಹೆಡ್ ಗ್ಯಾಸ್ಕೆಟ್ ಇದ್ದರೆ ಒತ್ತಡ ಕಡಿಮೆಯಾಗಿರುತ್ತದೆ.

ಹಲವು ಸಿಲಿಂಡರ್‌ಗಳಲ್ಲಿ ದೋಷವಿದ್ದರೆ ಎಲ್ಲಕ್ಕೂ ಸಾಮಾನ್ಯವಾದ ಕಾರಣವನ್ನು, ಅಂದರೆ ಇಂಧನದ ಒತ್ತಡ ಅಥವಾ ಗಾಳಿಯ ಸೋರಿಕೆಯನ್ನು ಹುಡುಕಬೇಕು. ಪಿ0171 ಜೊತೆಗಿದ್ದು, ಮಿಸ್‌ಫೈರ್ ಐಡಲ್‌ನಲ್ಲಿ ಹೆಚ್ಚಾಗಿ ಕಂಡು ವೇಗ ಹೆಚ್ಚಿದಂತೆ ಕಡಿಮೆಯಾದರೆ, ಬಿರುಕು ಬಿಟ್ಟ ವ್ಯಾಕ್ಯೂಮ್ ಕೊಳವೆ ಅಥವಾ ಇನ್‌ಟೇಕ್ ಗ್ಯಾಸ್ಕೆಟ್ ಕಾರಣವಾಗಿರಬಹುದು.

ದಾರಿ ತಪ್ಪಿಸುವ ಸಂಕೇತಗಳು

ದಹನ ತಪ್ಪಿದ ಸಿಲಿಂಡರಿನಿಂದ ಬಳಕೆಯಾಗದ ಆಮ್ಲಜನಕವೂ ಹೊರಬರುತ್ತದೆ. ಆಮ್ಲಜನಕ ಸಂವೇದಕವು ಇಂಧನವನ್ನಲ್ಲದೆ ಆಮ್ಲಜನಕವನ್ನೇ ಅಳೆಯುವುದರಿಂದ, ಇಂಧನ ಸಾಕಷ್ಟಿದ್ದರೂ ಕಡಿಮೆಯಿದೆ ಎಂದು ಸೂಚಿಸುತ್ತದೆ. ಇಲ್ಲಿ ಸಂವೇದಕವು ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿರುತ್ತದೆ. ಅದನ್ನು ಬದಲಿಸಿದರೆ ಹಣ ವ್ಯರ್ಥವಾಗುತ್ತದೆಯೇ ಹೊರತು ದೋಷ ಹೋಗುವುದಿಲ್ಲ. ಹಳೆಯ ಟ್ರಕ್‌ಗಳಲ್ಲಿ ತುಕ್ಕು ಹಿಡಿದ ಕನೆಕ್ಟರ್, ಉಜ್ಜಿ ಹರಿದ ವೈರ್ ಮತ್ತು ಸಡಿಲವಾದ ಅರ್ಥಿಂಗ್ ಕೂಡ ಸಂವೇದಕದ ದೋಷದಂತೆಯೇ ದಾಖಲಾಗುತ್ತವೆ. ಆದ್ದರಿಂದ ಮಿಸ್‌ಫೈರ್ ಮತ್ತು ಸಂವೇದಕದ ಸಂಕೇತಗಳು ಒಟ್ಟಿಗೆ ಕಂಡಾಗ, ವೋಲ್ಟೇಜ್ ಮತ್ತು ವೈರಿಂಗ್ ಪರೀಕ್ಷಿಸದೆ ಸಂವೇದಕವನ್ನು ಬದಲಿಸಬಾರದು. ಮಿಸ್‌ಫೈರ್ ಸರಿಪಡಿಸಿದ ಬಳಿಕ ಸಂಕೇತಗಳನ್ನು ಅಳಿಸಿ, ವಾಹನವನ್ನು ಓಡಿಸಿ, ಉಳಿದವು ಮರಳುತ್ತವೆಯೇ ಎಂದು ನೋಡಬೇಕು.