ಕಾಣದ ನಟ್ಟು ಕೈಕೊಟ್ಟಾಗ

ಬೋಲ್ಟನ್ನು ಎಷ್ಟು ತಿರುಗಿಸಿದರೂ ತಿರುಗುತ್ತಲೇ ಇದೆ. ಹೊರಗೆ ಮಾತ್ರ ಬರುತ್ತಿಲ್ಲ. ಹಳೆಯ ಕಾರು ಬಿಚ್ಚಲು ಹೊರಟವರಿಗೆ ಒಂದಲ್ಲ ಒಂದು ದಿನ ಈ ಅನುಭವ ಆಗಿಯೇ ತೀರುತ್ತದೆ. 'ವೆಲ್ಡಿಂಗ್ ಮಾಡಿಸಿಬಿಡಿ' ಎಂಬ ಸಲಹೆ ಕೂಡಲೇ ಬರುತ್ತದೆ. ಸ್ವಲ್ಪ ತಾಳಿ. ಒಳಗೆ ಏನಾಗಿದೆ ಎಂದು ತಿಳಿದುಕೊಂಡರೆ, ಎಷ್ಟೋ ಸಲ ಕಿಡಿ ಹಾರಿಸದೆಯೇ ಕೆಲಸ ಮುಗಿಸಬಹುದು.

ಇಂದಿನ ಬಹುಪಾಲು ಕಾರುಗಳ ಚೌಕಟ್ಟು ತಗಡನ್ನು ಮಡಚಿ ಮಾಡಿದ ಟೊಳ್ಳು ಪೆಟ್ಟಿಗೆ. ಅದರೊಳಗೆ ಕೈಯಾಗಲಿ ಸ್ಪ್ಯಾನರ್ ಆಗಲಿ ಹೋಗದು. ಆದ್ದರಿಂದ ಕಾರ್ಖಾನೆಯಲ್ಲೇ ನಟ್ಟನ್ನು ಒಳಬದಿಗೆ ಬೆಸೆದೋ, ಪುಟ್ಟ ತಗಡಿನ ಪಂಜರದಲ್ಲಿ ಕೂರಿಸಿಯೋ ಇಟ್ಟಿರುತ್ತಾರೆ. ಇದೇ ಕ್ಯಾಪ್ಟಿವ್ ನಟ್, ಅಂದರೆ ಸೆರೆಯಲ್ಲಿರುವ ನಟ್ಟು. ಮಳೆನೀರು, ಕೆಸರು ಸೇರಿ ತುಕ್ಕು ಹಿಡಿದಾಗ ಬೋಲ್ಟು ನಟ್ಟಿಗೆ ಕಚ್ಚಿಕೊಳ್ಳುತ್ತದೆ. ಆಗ ಬಲಪ್ರಯೋಗ ಮಾಡಿದರೆ ಬೆಸುಗೆ ಬಿಟ್ಟು, ನಟ್ಟೂ ಜೊತೆಯಲ್ಲೇ ಸುತ್ತತೊಡಗುತ್ತದೆ.

ಹಾಗಾದರೆ ಮತ್ತೆ ಬೆಸೆದರಾಯಿತಲ್ಲ? ತಗಡಿನ ಪಕ್ಕದಲ್ಲೇ ಪೆಟ್ರೋಲ್ ಪೈಪು, ವೈರು, ನೆಲಹಾಸು ಇರಬಹುದು. ತುಕ್ಕು ತಡೆಯುವ ಸತುವಿನ ಲೇಪ ಸುಟ್ಟು ಹೊಗೆಯಾಗುತ್ತದೆ. ಆ ಹೊಗೆ ಆರೋಗ್ಯಕ್ಕೆ ಕೆಟ್ಟದ್ದು. ಲೇಪ ಹೋದ ಜಾಗದಲ್ಲಿ ತುಕ್ಕು ಮತ್ತೆ ಹುಟ್ಟುತ್ತದೆ.

ಮೊದಲ ಮದ್ದು ತಾಳ್ಮೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ. ನಟ್ಟು ಸುತ್ತುತ್ತಿದ್ದರೆ ಬೋಲ್ಟಿನ ತಲೆಯ ಕೆಳಗೆ ಸ್ಕ್ರೂಡ್ರೈವರ್ ಮೀಟಿ ಹಿಡಿಯಿರಿ. ನಟ್ಟು ತಗಡಿಗೆ ಒತ್ತಿಕೊಂಡು ನಿಂತರೆ ಬೋಲ್ಟು ಬಿಚ್ಚಿಕೊಳ್ಳಬಹುದು. ಅದಕ್ಕೂ ಜಗ್ಗದಿದ್ದರೆ ತಲೆಯನ್ನು ಕತ್ತರಿಸುವುದೇ ದಾರಿ. ನಟ್ಟು ಭದ್ರವಾಗಿದ್ದು ಥ್ರೆಡ್ ಮಾತ್ರ ಹಾಳಾಗಿದ್ದರೆ, ಟ್ಯಾಪ್ ಹಾಕಿ ಸರಿಪಡಿಸಿ.

ನಟ್ಟೇ ಹೋಗಿದ್ದರೆ ರಿವೆಟ್ ನಟ್ ಇದೆ. 1930ರ ದಶಕದಲ್ಲಿ ಅಮೆರಿಕದ ಬಿ.ಎಫ್. ಗುಡ್‌ರಿಚ್ ಕಂಪನಿ ಇದನ್ನು ರೂಪಿಸಿದ್ದು ಕಾರಿಗಾಗಿ ಅಲ್ಲ. ವಿಮಾನದ ರೆಕ್ಕೆಯ ಮೇಲೆ ಕಟ್ಟುವ ಮಂಜನ್ನು ಒಡೆಯುವ ರಬ್ಬರ್ ಹೊದಿಕೆಯನ್ನು ಜೋಡಿಸಲು! ಅಲ್ಲೂ ಅದೇ ಕಷ್ಟ: ರೆಕ್ಕೆಯೊಳಗೆ ಕೈ ಹೋಗದು. ಈ ಕೊಳವೆಯಂಥ ನಟ್ಟನ್ನು ತೂತಿಗೆ ತೂರಿಸಿ ಉಪಕರಣದಿಂದ ಎಳೆದಾಗ ಅದರ ನಡು ಹಿಂಬದಿಯಲ್ಲಿ ಉಬ್ಬಿ, ತಗಡನ್ನು ಎರಡೂ ಕಡೆಯಿಂದ ಕಚ್ಚಿ ಹಿಡಿಯುತ್ತದೆ. 8 ಮಿ.ಮೀ. ಬೋಲ್ಟಿಗೆ ಸಾಮಾನ್ಯವಾಗಿ 11 ಮಿ.ಮೀ. ತೂತು ಬೇಕು. ಕೊರೆದ ಅಂಚಿಗೆ ಬಣ್ಣ ಬಳಿಯುವುದನ್ನು ಮರೆಯಬೇಡಿ.

ತೂತು ದೊಡ್ಡದಾಗಿ ಹೋಗಿದ್ದರೆ? ನಟ್ಟಿನಷ್ಟು ದಪ್ಪದ ಉಕ್ಕಿನ ಪಟ್ಟಿಗೆ 6.8 ಮಿ.ಮೀ. ತೂತು ಕೊರೆದು, 8 ಮಿ.ಮೀ. ಟ್ಯಾಪ್ ಹಾಕಿ. ಪಟ್ಟಿಗೆ ತಂತಿ ಕಟ್ಟಿ, ಚೌಕಟ್ಟಿನ ಪಕ್ಕದ ಕಿಂಡಿಯಿಂದ ಒಳಗಿಳಿಸಿ ಜಾಗಕ್ಕೆ ಎಳೆದುಕೊಳ್ಳಿ. ಪಟ್ಟಿ ಉದ್ದವಾಗಿದ್ದರೆ ಒಳಗೋಡೆಗೆ ತಾಗಿ ನಿಲ್ಲುತ್ತದೆ, ಸುತ್ತುವುದಿಲ್ಲ.

ಆದರೆ ಒಂದು ಗೆರೆಯನ್ನು ದಾಟಬಾರದು. ಸೀಟ್ ಬೆಲ್ಟು, ಸೀಟು, ಸಸ್ಪೆನ್ಷನ್, ಸ್ಟೀರಿಂಗ್ ಇವುಗಳ ಬೋಲ್ಟಿಗೆ ಈ ಉಪಾಯಗಳು ಸಲ್ಲವು. ಯುರೋಪಿನ 14ನೇ ನಿಯಮದ ಪರೀಕ್ಷೆಯಲ್ಲಿ ಕಾರಿನ ಮೂರು ಬಿಂದುಗಳ ಸೀಟ್ ಬೆಲ್ಟಿನ ಭುಜದ ಪಟ್ಟಿ, ಸೊಂಟದ ಪಟ್ಟಿ ಎರಡನ್ನೂ ತಲಾ ಸುಮಾರು 13,500 ನ್ಯೂಟನ್ ಬಲದಿಂದ ಜಗ್ಗುತ್ತಾರೆ. ಅದು ತಲಾ ಸುಮಾರು 1,375 ಕಿಲೋ ತೂಕಕ್ಕೆ ಸಮ. ಅಷ್ಟಕ್ಕೂ ಬುಡ ಅಲುಗಿ ಕಿತ್ತು ಬರಬಾರದು. ತಗಡನ್ನು ಕಚ್ಚಿದ ರಿವೆಟ್ ನಟ್ಟು ಹೊರನೋಟಕ್ಕೆ ಬಿಗಿಯಾಗಿಯೇ ಕಾಣುತ್ತದೆ. ಅದರ ಬಂಡವಾಳ ಬಯಲಾಗುವುದು ಅಪಘಾತದ ಕ್ಷಣದಲ್ಲಿ. ಅಂಥ ಕಡೆ ಕಾರು ತಯಾರಕರು ಹೇಳಿದ ವಿಧಾನವೇ ಆಗಬೇಕು, ಪಳಗಿದ ಕೈಯೇ ಬೇಕು.

ವಿದ್ಯಾರ್ಥಿಗಳೇ, ಜ್ಯಾಕ್ ಒಂದನ್ನೇ ನಂಬಿ ಕಾರಿನಡಿ ನುಸುಳಬೇಡಿ. ಕೊರೆಯುವಾಗ ಕನ್ನಡಕ ಹಾಕಿಕೊಳ್ಳಿ. ಬೋಲ್ಟನ್ನು ಮೊದಲ ಮೂರು ಸುತ್ತು ಬೆರಳಿನಿಂದಲೇ ತಿರುಗಿಸಿ. ಓರೆಯಾಗಿ ಕೂತರೆ ಬೆರಳಿಗೆ ಗೊತ್ತಾಗುತ್ತದೆ, ಸ್ಪ್ಯಾನರ್‌ಗೆ ಗೊತ್ತಾಗುವುದಿಲ್ಲ.

ತಂದೆ ತಾಯಂದಿರೇ, ಮಗನೋ ಮಗಳೋ ಕೈಗೆ ಗ್ರೀಸ್ ಮೆತ್ತಿಕೊಂಡು ಬಂದರೆ ಬೈಯಬೇಡಿ. 'ಅದು ಯಾವುದರ ಬೋಲ್ಟು?' ಎಂದು ಮಾತ್ರ ತಪ್ಪದೆ ಕೇಳಿ.