ಹಳಿ ದಾಟುವ ಮುನ್ನ: ಟ್ರ್ಯಾಕ್ಟರ್ ಮತ್ತು ಗಾಡಿ ಹೊಡೆಯುವವರಿಗೆ ಕೆಲವು ಸೂಚನೆಗಳು

ಸುಗ್ಗಿಯ ದಿನಗಳಲ್ಲಿ ಕಬ್ಬು, ಭತ್ತ, ಹುಲ್ಲು ತುಂಬಿದ ಟ್ರ್ಯಾಕ್ಟರುಗಳೂ ಎತ್ತಿನ ಗಾಡಿಗಳೂ ರೈಲ್ವೆ ಗೇಟುಗಳನ್ನು ದಿನಕ್ಕೆ ಹಲವು ಬಾರಿ ದಾಟುತ್ತವೆ. ಬ್ರಾಡ್‌ಗೇಜ್ ಮಾರ್ಗಗಳಲ್ಲಿದ್ದ ಕಾವಲಿಲ್ಲದ ಗೇಟುಗಳನ್ನು 2019ರ ಜನವರಿಯ ವೇಳೆಗೆ ತೆಗೆದುಹಾಕಲಾಯಿತು. ಆದರೂ ಅಪಾಯ ಪೂರ್ತಿ ನೀಗಿಲ್ಲ. 2015ರ ಆಗಸ್ಟ್ 24ರಂದು ಆಂಧ್ರದ ಪೆನುಕೊಂಡದ ಬಳಿ ಗ್ರಾನೈಟ್ ಕಲ್ಲು ಹೊತ್ತ ಲಾರಿಯೊಂದು ಮುಚ್ಚಿದ್ದ ಗೇಟನ್ನು ಮುರಿದು ಬೆಂಗಳೂರು-ನಾಂದೇಡ್ ಎಕ್ಸ್‌ಪ್ರೆಸ್ಸಿಗೆ ಬಡಿಯಿತು. ದೇವದುರ್ಗದ ಶಾಸಕ ವೆಂಕಟೇಶ ನಾಯಕರೂ ಸೇರಿ ಹಲವರು ಮಡಿದರು. 2025ರ ಜುಲೈ 8ರಂದು ತಮಿಳುನಾಡಿನ ಕಡಲೂರಿನ ಬಳಿ, ಕಾವಲುಗಾರನಿದ್ದ ಗೇಟಿನಲ್ಲೇ ಶಾಲಾ ವಾಹನಕ್ಕೆ ರೈಲು ಬಡಿದು ಮೂವರು ಮಕ್ಕಳು ತೀರಿಕೊಂಡರು. ಆದುದರಿಂದ ಗೇಟು ತೆರೆದಿದ್ದರೂ ಎಚ್ಚರ ತಪ್ಪಬಾರದು.

ರೈಲು ಏಕೆ ನಿಲ್ಲಲಾರದು?

ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿಗೆ ಹಿಡಿತ ಕಡಿಮೆ. ಎಳೆಯುವ ಭಾರವಾದರೋ ನೂರಾರು, ಸಾವಿರಾರು ಟನ್. ಗಂಟೆಗೆ 100 ಕಿ.ಮೀ. ವೇಗದ ರೈಲು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಸಾಗುತ್ತದೆ. ಚಾಲಕನು ನಿಮ್ಮನ್ನು ಕಂಡೊಡನೆ ಬ್ರೇಕು ಹಾಕಿದರೂ ಅದು ನಿಲ್ಲಲು ನೂರಾರು ಮೀಟರ್, ಕೆಲವೊಮ್ಮೆ ಒಂದು ಕಿ.ಮೀ. ದೂರವೇ ಬೇಕಾದೀತು. ಪಕ್ಕಕ್ಕೆ ತಿರುಗಿಸುವ ಮಾತೇ ಇಲ್ಲ. ಮೇಲಾಗಿ ನೇರವಾಗಿ ನಮ್ಮೆಡೆಗೆ ಬರುವ ದೊಡ್ಡ ವಸ್ತುವು ಇರುವುದಕ್ಕಿಂತ ನಿಧಾನವಾಗಿ ಬರುವಂತೆ ಕಣ್ಣಿಗೆ ತೋರುತ್ತದೆ.

ಗೇಟನ್ನು ಬಹಳ ಬೇಗ ಹಾಕುತ್ತಾರೆಂದು ನಾವು ಗೊಣಗುವುದುಂಟು. ಸಿಗ್ನಲ್ಲಿಗೆ ಜೋಡಿಸಿದ ಗೇಟುಗಳಲ್ಲಿ, ಗೇಟು ಬಿದ್ದು ಬೀಗವಾಗುವವರೆಗೆ ರೈಲಿಗೆ ಸಿಗ್ನಲ್ ಸಿಗುವುದಿಲ್ಲ. ಹೀಗಾಗಿ ರೈಲು ದೂರದಲ್ಲಿರುವಾಗಲೇ ಗೇಟು ಮುಚ್ಚಬೇಕಾಗುತ್ತದೆ.

ದಾಟಲು ಎಷ್ಟು ಹೊತ್ತು ಬೇಕು?

ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರಿನ ಉದ್ದ ಸುಮಾರು 15 ಮೀಟರ್ ಎಂದಿಟ್ಟುಕೊಳ್ಳಿ. ಹಳಿಗಳ ಅಗಲ 1.7 ಮೀಟರ್, ಎರಡೂ ಬದಿಗೆ ಮೂರು ಮೂರು ಮೀಟರ್ ಬಿಟ್ಟರೆ ಒಟ್ಟು ಸುಮಾರು 23 ಮೀಟರ್ ಸಾಗಬೇಕು. ಭಾರ ಹೊತ್ತು ಏರಿನಲ್ಲಿ ಗಂಟೆಗೆ 5 ಕಿ.ಮೀ. ವೇಗದಲ್ಲಿ ಹೋದರೆ ಇದಕ್ಕೆ 16-17 ಸೆಕೆಂಡು ಹಿಡಿಯುತ್ತದೆ. ಅಷ್ಟರಲ್ಲಿ ಮೇಲೆ ಹೇಳಿದ ರೈಲು 450 ಮೀಟರಿಗೂ ಹೆಚ್ಚು ಬಂದಿರುತ್ತದೆ. ಜೋಡಿ ಮಾರ್ಗವಾದರೆ ಇನ್ನೂ ಹೆಚ್ಚು ಹೊತ್ತು ಬೇಕು.

ಪಾಲಿಸಬೇಕಾದ ಕ್ರಮಗಳು

1. ಹೊಲದಿಂದ ಹೊರಡುವ ಮೊದಲೇ ಬ್ರೇಕು, ಕೊಂಡಿ, ಡೀಸೆಲ್ ಪರೀಕ್ಷಿಸಿರಿ. ಎಳೆಯಲಾಗದಷ್ಟು ಭಾರ ಹೇರಬೇಡಿ.

2. ಗೇಟಿನ ಮುಂದೆ ನಿಂತು ಎರಡೂ ಕಡೆ ನೋಡಿರಿ. ಟೇಪ್, ಮೊಬೈಲ್ ಹಾಡು ನಿಲ್ಲಿಸಿ ಕಿವಿಗೊಡಿರಿ.

3. ಹಳಿಯಾಚೆ ನಿಮ್ಮ ಕೊನೆಯ ಟ್ರೇಲರಿಗೂ ಜಾಗವಿದ್ದರೆ ಮಾತ್ರ ಮುಂದುವರಿಯಿರಿ. ಮುಂದಿನ ಗಾಡಿಯ ಬೆನ್ನು ಹತ್ತಿ ಹೋಗಬೇಡಿ.

4. ಕೆಳಗಿನ ಗೇರಿನಲ್ಲಿ ನೇರವಾಗಿ ದಾಟಿರಿ. ಹಳಿಯ ಮೇಲೆ ಗೇರು ಬದಲಿಸಬೇಡಿ.

5. ಹೇರಿನ ಮೇಲೆ ಕುಳಿತ ಆಳುಗಳನ್ನು ಇಳಿಸಿ, ನಡೆದು ದಾಟಲು ಹೇಳಿರಿ. ವಿದ್ಯುತ್ ಮಾರ್ಗಗಳಲ್ಲಿ ತಲೆಯ ಮೇಲಿನ ತಂತಿಯಲ್ಲಿ 25,000 ವೋಲ್ಟ್ ವಿದ್ಯುತ್ ಇರುತ್ತದೆ. ಎತ್ತರ ತೋರುವ ಕಬ್ಬಿಣದ ಕಮಾನಿಗೆ ತಾಗುವ ಹೇರನ್ನು ಇಳಿಸಿಯೇ ಒಯ್ಯಿರಿ.

6. ಎತ್ತಿನ ಗಾಡಿಯಾದರೆ ಕೆಳಗಿಳಿದು ಮೂಗುದಾರ ಹಿಡಿದು ನಡೆಸಿರಿ. ಓರೆಯಾಗಿ ಹೋದರೆ ಗಾಲಿ ಹಳಿಯ ಸಂದಿನಲ್ಲಿ ಸಿಕ್ಕೀತು.

7. ಒಂದು ರೈಲು ಹೋದೊಡನೆ ನುಗ್ಗಬೇಡಿ. ಬೆಂಗಳೂರು-ಮೈಸೂರಿನಂತಹ ಜೋಡಿ ಮಾರ್ಗದಲ್ಲಿ ಅದರ ಮರೆಯಲ್ಲೇ ಇನ್ನೊಂದು ಬರುತ್ತಿರಬಹುದು.

ಮುಚ್ಚಿದ ಗೇಟನ್ನು ತಾವೇ ತೆರೆದವರಿಗೆ 1989ರ ರೈಲ್ವೆ ಕಾಯಿದೆಯಂತೆ ಮೂರು ವರ್ಷದವರೆಗೆ, ಮುರಿದವರಿಗೆ ಐದು ವರ್ಷದವರೆಗೆ ಸೆರೆವಾಸ ವಿಧಿಸಬಹುದು.

ಹಳಿಯ ಮೇಲೆ ಕೆಟ್ಟು ನಿಂತರೆ

ಮೊದಲು ಜನರನ್ನೆಲ್ಲ ಇಳಿಸಿ ದೂರ ಕಳಿಸಿರಿ. ಕೂಡಲೇ ಗೇಟಿನವನಿಗೆ ತಿಳಿಸಿರಿ; ರೈಲನ್ನು ತಡೆಯಲು ಅವನ ಬಳಿ ಫೋನು, ಕೆಂಪು ಬಾವುಟ ಇರುತ್ತವೆ. ರೈಲ್ವೆ ಸಹಾಯವಾಣಿ 139ಕ್ಕೂ ಕರೆ ಮಾಡಬಹುದು. ರೈಲು ಕಂಡಿತೋ, ಎಂಜಿನ್ ಚಾಲೂ ಮಾಡುವ ಆಸೆ ಬಿಡಿ. ಹಳಿಯಿಂದ ಹೊರಗೆ, ರೈಲು ಬರುತ್ತಿರುವ ದಿಕ್ಕಿಗೆ ಓರೆಯಾಗಿ ಓಡಿರಿ. ಡಿಕ್ಕಿಯಾದಾಗ ಚೂರುಗಳು ರೈಲು ಹೋಗುವ ದಿಕ್ಕಿಗೆ ಸಿಡಿಯುತ್ತವೆ. ಎತ್ತುಗಳ ನೊಗದ ಹಗ್ಗ ಕೊಯ್ದು ಬಿಡಿಸಲು ಸಮಯವಿದ್ದರೆ ಮಾತ್ರ ಅದಕ್ಕೆ ಕೈಹಾಕಿರಿ.

ಕಬ್ಬು ಅರ್ಧ ಗಂಟೆ ತಡವಾಗಿ ಕಾರ್ಖಾನೆ ಸೇರಿದರೆ ತೂಕದಲ್ಲಿ ಅಲ್ಪಸ್ವಲ್ಪ ಕಳೆದೀತು. ನಿಲ್ಲುವ ಶಕ್ತಿ ರೈಲಿಗಿಲ್ಲ, ನಿಮ್ಮ ಟ್ರ್ಯಾಕ್ಟರಿಗಿದೆ. ಮುಂಗಾಲಿ ಹಳಿಯನ್ನು ಮುಟ್ಟುವ ಮೊದಲೇ ನಿರ್ಧಾರ ಮಾಡಿರಿ.